ಎಡಕ್ಕೆ ಎಳೆಯುವ ಗಾಡಿ

೧೯೫೮ರ ಜನವರಿ ಇಪ್ಪತ್ತೊಂದು, ಬೆಳಿಗ್ಗೆ ಆರೂಕಾಲು ಗಂಟೆ. ಗೋಕಾಕದಲ್ಲಿ ನನ್ನ ಗ್ಯಾರೇಜಿನ ಅಂಗಳ. ಹಾಜರಿದ್ದವರು ನಾನು, ನನ್ನ ತಮ್ಮ, ಮೂಡಲಗಿಯ ದಲಾಲಿ. ದಿನದ ಕೆಲಸ: ತಮ್ಮನಿಗೆ ಒಂದು ಗಾಡಿ ಆರಿಸುವುದು.

ಕೆಲಸದ ವಹಿಯಲ್ಲಿ ಹೀಗೆ ಬರೆಯುವ ರೂಢಿ ನನಗೆ ಪಲ್ಟನ್ನಿನಿಂದ ಬಂದದ್ದು. ಯುದ್ಧದ ಕಾಲದಲ್ಲಿ ಲಾರಿ ರಿಪೇರಿಯ ವರ್ಕ್‌ಶಾಪಿನಲ್ಲಿ ಹವಾಲ್ದಾರನಾಗಿದ್ದೆ. ೧೯೪೭ರಲ್ಲಿ ಊರಿಗೆ ಬಂದೆ. ಬರುವಾಗ ಬಲಗೈಯ ತೋರುಬೆರಳು ಇರಲಿಲ್ಲ. ಅದನ್ನು ಅಲ್ಲಿಯೇ ಒಂದು ಫ್ಯಾನ್ ಬೆಲ್ಟು ತೆಗೆದುಕೊಂಡಿತ್ತು. ಗಾಡಿ ಪರೀಕ್ಷೆ ಮಾಡುವುದಕ್ಕೆ ನಮಗೆ ಒಂದು ಕ್ರಮ ಕಲಿಸಿದ್ದರು. ಎಂಜಿನ್ನಿನಿಂದ ಆರಂಭ. ಅಲ್ಲಿಂದ ಬಲಬದಿಯಲ್ಲಿ ಹಿಂದಕ್ಕೆ, ಹಿಂದಿನ ಗಾಲಿ, ಗಾಡಿಯ ಭಾರ ಹೊರುವ ಹಿಂದಿನ ಪಾಟಾ ಸ್ಪ್ರಿಂಗು, ಬಳಿಕ ಎಡಬದಿಯಿಂದ ಮುಂದಕ್ಕೆ ಬಂದು ಕೊನೆಗೆ ಮುಂದಿನ ಆ್ಯಕ್ಸಲ್ಲಿಗೆ ನಿಲ್ಲಬೇಕು. ಒಟ್ಟು ಇಪ್ಪತ್ತೆರಡು ಕಡೆ ಕೈ ಮುಟ್ಟಬೇಕು. ಒಂದನ್ನು ದಾಟಿ ಇನ್ನೊಂದಕ್ಕೆ ಹೋದರೆ ಸುಬೇದಾರರು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದರು. ಹನ್ನೊಂದು ವರ್ಷ ಗ್ಯಾರೇಜು ನಡೆಸಿದರೂ ಆ ಕ್ರಮವನ್ನು ನಾನು ಒಂದು ದಿನವೂ ಬದಲಿಸಿರಲಿಲ್ಲ.

ತಮ್ಮನಿಗೆ ಆಗ ಇಪ್ಪತ್ತೆಂಟು ವರ್ಷ. ಹತ್ತು ವರ್ಷದಿಂದ ಒಬ್ಬ ಮಾಲಕರ ಲಾರಿ ಓಡಿಸುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಅವನಿಗೆ ಸಂಜೆಯಾದ ಮೇಲೆ ಕಣ್ಣು ಕಾಣದಾಯಿತು. ಹಗಲು ಹೊತ್ತು ಎದುರಿನದು ಕಾಣುತ್ತಿತ್ತು, ಬಾಜೂಕಿನದು ಕಾಣುತ್ತಿರಲಿಲ್ಲ. ಮಿರಜಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರರು ಕಾಗದವನ್ನು ಕೊಳವೆಯ ಹಾಗೆ ಸುತ್ತಿ ನನ್ನ ಕಣ್ಣಿಗೆ ಹಿಡಿದರು. ನಿಮ್ಮ ತಮ್ಮ ಈಗ ಇಷ್ಟು ನೋಡುತ್ತಾನೆ ಎಂದರು. ಕಾಗದವನ್ನು ಇನ್ನೂ ಬಿಗಿಯಾಗಿ ಸುತ್ತಿ, ಮುಂದಿನ ವರ್ಷ ಇಷ್ಟು ಎಂದರು. ಇದಕ್ಕೆ ಔಷಧ ಇಲ್ಲ ಎಂದು ಹೇಳಿ ಕಾಗದವನ್ನು ಮೇಜಿನ ಮೇಲಿಟ್ಟರು.

ದಸರೆ ಮುಗಿದ ಮೇಲೆ ಹತ್ತರಗಿಯ ಹತ್ತಿರ ಹೆದ್ದಾರಿಯಲ್ಲಿ ಬದಿಯಿಂದ ಬಂದ ಸೈಕಲ್ಲಿನವನು ತಮ್ಮನ ಕಣ್ಣಿಗೆ ಬೀಳಲಿಲ್ಲ. ಸೈಕಲ್ಲಿನವನು ಚರಂಡಿಗೆ ಹಾರಿ ಉಳಿದುಕೊಂಡ. ಅದೇ ದಿನ ತಮ್ಮ ಲಾರಿಯ ಚಾವಿಯನ್ನು ಮಾಲಕರ ಕೈಗೆ ಕೊಟ್ಟು, ಬೆನ್ನುನೋವು ಎಂದು ಹೇಳಿ ಮನೆಗೆ ಬಂದ. ಹೆಂಡತಿಗೂ ಬೆನ್ನುನೋವು ಎಂದೇ ಹೇಳಿದ. ಖರೆ ಸಂಗತಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಅರಭಾವಿಯ ಆಚೆ ಮಡ್ಡಿಯ ಮೇಲೆ, ಏನೂ ಬೆಳೆಯದ ಗಟ್ಟಿ ನೆಲದಲ್ಲಿ, ಆ ಚಳಿಗಾಲ ಕೆಲವರು ಮೋಟಾರು ಓಡಿಸುವ ಆಟ ಹಚ್ಚಿದ್ದರು. ಒಬ್ಬರು ಗಿರಣಿಯ ಎಂಜಿನಿಯರು, ಇಬ್ಬರು ಗುತ್ತಿಗೆದಾರರು, ಉಳಿದವರು ಕೈಯಲ್ಲಿ ಹಳೆಯ ಗಾಡಿ ಇದ್ದವರು. ಖಾಲಿ ಡಾಂಬರು ಡ್ರಮ್ಮುಗಳನ್ನು ದುಂಡಗೆ ಇಟ್ಟು, ಅವುಗಳ ಸುತ್ತ ಎಡಕ್ಕೆ ತಿರುಗುತ್ತ ಆರು ಸುತ್ತು ಓಡಿಸಬೇಕು. ಒಂದು ಸಲಕ್ಕೆ ಒಂದೇ ಗಾಡಿ. ಗಡಿಯಾರ ಹಿಡಿದು ಹೊತ್ತು ಬರೆದುಕೊಳ್ಳುವರು. ಬಹುಮಾನ ಏನೂ ಇರಲಿಲ್ಲ. ಗಾಡಿ ನೆಟ್ಟಗಿದೆ ಎಂದು ಒಬ್ಬ ಮೆಕ್ಯಾನಿಕ್ ಸಹಿ ಮಾಡಿದ ಚೀಟಿ ತಂದವರಿಗೆ ಮಾತ್ರ ಅವಕಾಶ.

ತಮ್ಮ ಒಂದು ಭಾನುವಾರ ಅದನ್ನು ನೋಡಿ ಬಂದವನೇ ನನ್ನ ಮುಂದೆ ಕೂತ.

"ಅಣ್ಣಾ, ರಸ್ತೆ ಮ್ಯಾಲ ಮಂದಿ ಇರ್ತಾರ. ಮಡ್ಡಿ ಮ್ಯಾಲ ಬರೇ ಡ್ರಮ್ಮು. ಡ್ರಮ್ಮಿಗಿ ಹೆಂಡ್ರು ಮಕ್ಕಳು ಇಲ್ಲ."

"ನಿನಗ ಅದಾರಲ್ಲೋ."

"ಅದ್ಕ ನಿನ್ನ ಕೇಳಾಕತ್ತೇನಿ. ನೀ ನೋಡಿ ಕೊಟ್ಟ ಗಾಡಿ ಆದ್ರ ನನಗ ಚಿಂತಿಲ್ಲ. ಯುಗಾದಿ ಮಟಾ ಓಡಸ್ತೀನಿ. ಆಮ್ಯಾಲ ಜೀವಮಾನದಾಗ ಸ್ಟೇರಿಂಗ್ ಮುಟ್ಟಂಗಿಲ್ಲ."

ಹತ್ತು ವರ್ಷ ಲಾರಿಯಲ್ಲಿ ಹತ್ತಿ, ಬೆಲ್ಲ ಹೇರಿಕೊಂಡು ಎತ್ತಿನ ಗಾಡಿಗಳ ಹಿಂದೆ ತೆವಳಿದವನು. ಕೊಳವೆ ಮುಚ್ಚುವ ಮೊದಲು ಒಂದು ಚಳಿಗಾಲ ಮನಸ್ಸು ಬಂದಷ್ಟು ವೇಗವಾಗಿ ಓಡಿಸಬೇಕೆಂದಿದ್ದ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನ ಕೈಯಲ್ಲಿದ್ದ ಹಣಕ್ಕೆ ಒಂದೇ ಗಾಡಿ ಬರುತ್ತಿತ್ತು, ಅದೂ ಹಳೆಯದು. ಅದು ಕೈಕೊಟ್ಟರೆ ಎರಡನೆಯದು ಇಲ್ಲ.

ದಲಾಲಿ ಮೊದಲು ದನದ ವ್ಯಾಪಾರದವನು. ಈಚೆಗೆ ಮೋಟಾರಿನ ವ್ಯಾಪಾರಕ್ಕೂ ಕೈ ಹಾಕಿದ್ದ. ನಾನು ತಮ್ಮನ ಹಳೆಯ ಮಾಲಕರಿಂದ ಕೇಳಿ ತಂದ ಪಿಕಪ್ ವ್ಯಾನು ಏರುತ್ತಲೇ ಅವನ ಬಾಯಿ ಸುರುವಾಯಿತು.

"ಹವಾಲ್ದಾರ್ರ, ಇವತ್ತ ಮೂರ ಕನ್ಯಾ ತೋರಸ್ತೀನಿ. ಜಾತಕ ನೋಡ್ಕೋತ ಕುಂಡ್ರಬ್ಯಾಡ್ರಿ, ವರಗ ವಯಸ್ಸಾಗ್ತೈತಿ."

"ಕಾಕಾ, ನಮ್ಮ ಅಣ್ಣ ಕನ್ಯಾದ್ದು ಹಲ್ಲ ಎಣಸಿ, ಗೊರಸ ನೋಡೇ ಹೂಂ ಅನ್ನಾಂವ," ಎಂದ ತಮ್ಮ. ಅವನು ಬಹಳ ದಿನದ ಮೇಲೆ ನಕ್ಕದ್ದು ಆಗ.

ಎಂಟು ಗಂಟೆಗೆ ಹತ್ತರಗಿ. ಅಲ್ಲಿ ಒಂದು ಗೋದಾಮಿನ ಹಿಂದೆ ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಮಿಲಿಟರಿ ಜೀಪು ನಿಂತಿತ್ತು. ಮೈಮೇಲೆ ಬಣ್ಣ ಉಳಿದಿರಲಿಲ್ಲ. ಆದರೆ ಚಾಸಿ ನೆಟ್ಟಗಿತ್ತು, ಬ್ರೇಕು ನಾಲ್ಕೂ ಗಾಲಿಗೆ ಒಂದೇ ಸಮ ಹಿಡಿಯುತ್ತಿತ್ತು, ಅದರ ಬಿಡಿಭಾಗ ಎಲ್ಲಿ ಕೇಳಿದರೂ ಸಿಗುತ್ತಿತ್ತು. ಓಡಿಸಿ ನೋಡಿದೆ. ಎಕ್ಸಲರೇಟರಿನಿಂದ ಕಾಲು ಎತ್ತಿದರೆ ಮೂರನೆಯ ಗೇರು ಜಾರಿ ಹೊರಬರುತ್ತಿತ್ತು.

"ಕೈಲೆ ಒತ್ತಿ ಹಿಡಕೊಂಡ ಓಡಸ್ತೀನಿ ಬಿಡು," ಎಂದ ತಮ್ಮ.

"ಒಂದ ಕೈಲೆ ತಿರುವಾಕ ಅದೇನ ಸೈಕಲ್ಲೇನು?"

"ನೀ ಗೇರ್ ಬಾಕ್ಸ್ ಬಿಚ್ಚಿದ್ರ ಎಷ್ಟ ದಿನದ ಕೆಲಸ?"

ಮೂರು ದಿನದ ಕೆಲಸ. ಅದು ನನಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡರಲ್ಲಿ ಒಂದು ತಪ್ಪಿದರೂ ಗಾಡಿ ತೆಗೆದುಕೊಳ್ಳುವುದಿಲ್ಲ ಎಂಬುದು ನಾನು ಹಾಕಿಕೊಂಡ ನಿಯಮ. ವಹಿಯಲ್ಲಿ ಅಡ್ಡಗೆರೆ ಎಳೆದೆ. ದಲಾಲಿ ತಲೆ ಕೆರೆದುಕೊಂಡ.

ಹತ್ತು ಗಂಟೆಗೆ ಹುಕ್ಕೇರಿ. ಅಲ್ಲಿಯದು ದೊಡ್ಡ ಮೈಯ ಹಳೆಯ ಟ್ಯಾಕ್ಸಿ. ಎಂಜಿನ್ ಗಡಿಯಾರದ ಹಾಗೆ ನಡೆಯುತ್ತಿತ್ತು. ತಮ್ಮ ಬಾನೆಟ್ಟಿಗೆ ಕಿವಿ ಹಚ್ಚಿ ಹೂಂ ಹೂಂ ಎನ್ನುತ್ತಿದ್ದ. ಇಂಥ ಆಟಕ್ಕೆ ಗಾಡಿ ಆರಿಸುವಾಗ ಎಲ್ಲರೂ ಮಾಡುವ ತಪ್ಪು ಅದು: ಎಂಜಿನ್ನಿನ ದನಿಗೆ ಮರುಳಾಗುತ್ತಾರೆ. ದುಂಡಗೆ ಓಡಿಸುವಾಗ ಗಾಡಿಯ ಭಾರವೇ ಶತ್ರು. ಭಾರವಾದದ್ದು ಮೂರು ಸುತ್ತಿಗೆ ಬ್ರೇಕು ಕಾಯಿಸುತ್ತದೆ, ಹೊರಗಿನ ಟಾಯರು ತಿಂದು ಹಾಕುತ್ತದೆ. ಹಗುರ ಗಾಡಿ, ಒಳ್ಳೆಯ ಬ್ರೇಕು, ಕಾಯದ ರೇಡಿಯೇಟರು, ನೆಟ್ಟಗಿನ ಚಾಸಿ, ಇಷ್ಟಿದ್ದರೆ ಕಡಿಮೆ ಶಕ್ತಿಯ ಎಂಜಿನ್ ಸಾಕು. ಇದನ್ನು ತಮ್ಮನಿಗೆ ಬಿಡಿಸಿ ಹೇಳಿದೆ. ಅವನು ಒಪ್ಪಿದ. ಹೊಟ್ಟೆಗೆ ರೊಟ್ಟಿ ಹಾಕಿಕೊಂಡು ತಿರುಗಿ ಹೊರಟೆವು.

ಮೂಡಲಗಿ ತಲುಪಿದಾಗ ಎರಡೂಮುಕ್ಕಾಲು. ದನದ ಸಂತೆ ಮುಗಿಯುವ ಹೊತ್ತು. ಕಲ್ಲೋಳಿಯ ಒಬ್ಬ ಹಿರಿಯ ರೈತರು, ಹಣೆಗೆ ವಿಭೂತಿ ಧರಿಸಿದವರು, ಎಮ್ಮೆಗಳ ಸಾಲಿನ ತುದಿಗೆ ಒಂದು ಸಣ್ಣ ವಿಲಾಯತಿ ಗಾಡಿ ತಂದು ನಿಲ್ಲಿಸಿದ್ದರು. ಎಂಟು ಹಾರ್ಸ್‌ಪವರಿನದು. ಮೇಲಿನ ಬಟ್ಟೆಯ ಹುಡ್ಡು ಹರಿದಿತ್ತು. ಯಾರೋ ಸಾಹೇಬರಿಂದ ಇವರ ಕೈಗೆ ಬಂದು ಎರಡು ವರ್ಷವಾಗಿತ್ತಂತೆ. ನೋಡಿದ ಕೂಡಲೇ ತಮ್ಮನ ಮುಖ ಅರಳಿತು. ನನಗೂ ಅನಿಸಿತು: ಮಡ್ಡಿಗೆ ಮಾಡಿಸಿದ ಹಾಗಿದೆ. ಹಗುರ, ಗಿಡ್ಡ, ಗಾಲಿಗಳ ನಡುವೆ ಅಂತರ ಕಡಿಮೆ.

ಆ ಸಂತೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅಮುಕಿ ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯದ ಹಾಗೆ. ಕೈ ಕೂಡುವ ಮೊದಲು ಕೊಡುವವನು ದನದ ಐಬನ್ನು ಬಾಯಿಬಿಟ್ಟು ಹೇಳಬೇಕು. ದಲಾಲಿ ಟವೆಲ್ಲು ಎತ್ತಿದ ಮೇಲೆ ವ್ಯಾಪಾರ ಮುಗಿಯಿತು; ಯಾರೂ ಹಿಂದೆ ಸರಿಯುವಂತಿಲ್ಲ. ಮನೆಯ ಹಿರಿಯನೇ ಕೈ ಕೊಡುವುದು ರೂಢಿ. ನನಗೆ ಬೆರಳು ಕಡಿಮೆ.

"ಹವಾಲ್ದಾರ್ರ ಕೈ ಹಿಡದ್ರ ಯಾವ ರೇಟು ಅಂತ ದೇವರಿಗೂ ತಿಳಿಯಾಂಗಿಲ್ಲ," ಎಂದ ದಲಾಲಿ. "ತಮ್ಮ ಕೊಡ್ಲಿ ಕೈ."

"ನಾ ನೋಡಿ ಮುಗಿಸೂ ಮಟಾ ಟವೆಲ್ಲ ಹೊರಗ ತಗೀಬ್ಯಾಡ," ಎಂದು ಹೇಳಿ ನಾನು ಬಾನೆಟ್ಟು ಎತ್ತಿದೆ.

ಒಂದು, ಎರಡು, ಮೂರು. ಕ್ರಮ ತಪ್ಪಲಿಲ್ಲ. ಎಂಜಿನ್ ಒಳ್ಳೆಯದು. ರೇಡಿಯೇಟರ್ ಸೋರುತ್ತಿರಲಿಲ್ಲ. ಬಲಬದಿ ಮುಗಿಸಿ ಹಿಂದೆ ಹೋದೆ. ಗೋಣಿತಟ್ಟು ಹಾಸಿ ಗಾಡಿಯ ಕೆಳಗೆ ನುಸುಳಿದೆ. ಮೇಲೆ ಮಾತು ನಡೆದಿತ್ತು. ಎಮ್ಮೆಗಳ ಗದ್ದಲದಲ್ಲಿ ಸರಿಯಾಗಿ ಕೇಳಲಿಲ್ಲ. ಹಿರಿಯರು ಏನೋ ಹೇಳಿದರು. ದಲಾಲಿ ಏನೋ ಅಂದ. ಎಲ್ಲರೂ ದೊಡ್ಡದಾಗಿ ನಕ್ಕರು. ನಾನು ಹದಿಮೂರನೆಯದಕ್ಕೆ, ಹಿಂದಿನ ಎಡಪಾಟಾಕ್ಕೆ ಕೈ ಹಾಕಿದ್ದೆ. ಆಗ "ಆತು! ಬಂಗಾರದಂಥ ವ್ಯಾಪಾರ ಆತು!" ಎಂದು ದಲಾಲಿ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಹೊರಗೆ ಬಂದು ನೋಡಿದರೆ ಟವೆಲ್ಲು ದಲಾಲಿಯ ಹೆಗಲ ಮೇಲಿತ್ತು.

"ನಾ ಇನ್ನೂ ಮುಗಿಸಿದ್ದಿಲ್ಲ," ಎಂದೆ.

"ಇನ್ನೊಬ್ಬ ಗಿರಾಕಿ ಬಂದ ನಿಂತಿದ್ದಾ ಅಣ್ಣಾ," ಎಂದ ತಮ್ಮ. "ಬಿಟ್ಟಿದ್ರ ಹೋಗ್ತಿತ್ತು."

ಉಳಿದ ಒಂಬತ್ತನ್ನೂ ಅಲ್ಲಿಯೇ ನೋಡಬಹುದಿತ್ತು. ಆದರೆ ನೋಡಿ ಏನು ಮಾಡುವುದು? ವ್ಯಾಪಾರ ಆಗಿತ್ತು. ಗ್ಯಾರೇಜಿನಲ್ಲಿ ನೋಡಿದರಾಯಿತು ಎಂದುಕೊಂಡೆ. ಹಿರಿಯರು ನನಗೆ ಕೈಮುಗಿದು, "ಶರಣರಿ, ಛಲೋ ಆಗ್ಲಿ" ಎಂದು ಎಮ್ಮೆಯೊಂದನ್ನು ನೋಡಲು ಹೋದರು.

ದಲಾಲಿ ಮೂಡಲಗಿಯಲ್ಲೇ ಉಳಿದ. ತಮ್ಮ ಹೊಸ ಗಾಡಿಯಲ್ಲಿ ಮುಂದೆ, ನಾನು ವ್ಯಾನಿನಲ್ಲಿ ಹಿಂದೆ. ಬಿಸಿಲು ಇನ್ನೂ ಚೆನ್ನಾಗಿತ್ತು, ಅವನಿಗೆ ದಾರಿ ಕಾಣುತ್ತಿತ್ತು. ಕಲ್ಲೋಳಿ ದಾಟುವವರೆಗೆ ನಾನು ಗಾಡಿಯ ಹಿಂಭಾಗವನ್ನೇ ನೋಡುತ್ತ ಬಂದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಅವನ ಹೆಗಲು ಬಲಕ್ಕೆ ವಾಲುತ್ತಿತ್ತು. ನೆಟ್ಟಗಿನ ರಸ್ತೆಯಲ್ಲಿ ಸ್ಟೇರಿಂಗ್ ಅಷ್ಟು ತಿರುಗಿಸುವ ಕಾರಣವಿರಲಿಲ್ಲ. ಕಣ್ಣಿನ ತೊಂದರೆ ಇರಬೇಕು ಎಂದುಕೊಂಡೆ. ತಪ್ಪನ್ನು ಅವನ ಕಣ್ಣಿನ ಮೇಲೆ ಹಾಕಿದೆ.

ಅರಭಾವಿಯ ಮಡ್ಡಿಯ ಹತ್ತಿರ ಅವನು ತಾನಾಗಿಯೇ ಗಾಡಿ ತಿರುಗಿಸಿದ. ಡ್ರಮ್ಮುಗಳು ಇಟ್ಟಲ್ಲೇ ಇದ್ದವು, ಒಬ್ಬರೂ ಇರಲಿಲ್ಲ.

"ಮೂರ ಸುತ್ತು, ಅಣ್ಣಾ. ಮೂರ ಸುತ್ತಷ್ಟ. ಗಡಿಯಾರ ಹಿಡಿ."

ಹಿಡಿದೆ. ಮೊದಲ ಸುತ್ತು ಮೆಲ್ಲಗೆ ಹೋದ. ಎರಡನೆಯದರಲ್ಲಿ ಕಾಲು ಒತ್ತಿದ. ಮೂರನೆಯದರಲ್ಲಿ ಆ ಸಣ್ಣ ಗಾಡಿ ಡ್ರಮ್ಮುಗಳ ಮೈ ಸವರಿದ ಹಾಗೆ ಎಡಕ್ಕೆ ತಿರುಗುತ್ತ ಹೋಯಿತು, ಕೆಂಪು ಧೂಳು ಹಿಂದೆ ಗೋಡೆಯಾಗಿ ಎದ್ದಿತು. ಅವನ ಕೈ ಸ್ಟೇರಿಂಗಿನ ಮೇಲೆ ಅಲುಗಾಡಲೇ ಇಲ್ಲ. ರಸ್ತೆಯಲ್ಲಿ ಬಲಕ್ಕೆ ಜಗ್ಗುತ್ತಿದ್ದವನಿಗೆ ಇಲ್ಲಿ ಜಗ್ಗುವ ಕೆಲಸವೇ ಇರಲಿಲ್ಲ. ಇದು ಕಣ್ಣಿನದಲ್ಲ ಎಂದು ನನಗೆ ತಿಳಿದದ್ದು ಆಗ.

ಗಾಡಿ ನಿಲ್ಲಿಸಿ ಇಳಿದ. ಮುಖದ ಮೇಲೆಲ್ಲ ಧೂಳು, ಹಲ್ಲು ಮಾತ್ರ ಬಿಳುಪು. "ಎಷ್ಟಾತು? ಎಂಜಿನಿಯರ ಸಾಹೇಬ್ರಕಿಂತ ಕಡಿಮಿ ಆತಿಲ್ಲೋ?"

ಕಡಿಮೆಯೇ ಆಗಿತ್ತು. ಅದನ್ನು ಹೇಳುವ ಮೊದಲು ಕೇಳಿದೆ: "ಎಡಕ್ಕ ಎಳೀತೈತೇನು?"

"ಹೂಂ. ಅಜ್ಜಾರು ಮೊದ್ಲ ಹೇಳ್ಯಾರ."

"ಏನಂತ?"

"ಎಡಕ್ಕ ಎಳೀತೈತಿ ತಮ್ಮಾ, ಐಬ ಮುಚ್ಚಿ ಕೊಡಾಂವ ನಾ ಅಲ್ಲ, ಆಮ್ಯಾಲ ಬಂದ ಬೈಬ್ಯಾಡ ಅಂದ್ರು. ಅದ್ಕ ದಲಾಲಿ ಕಾಕಾ, ಮಡ್ಡಿ ಮ್ಯಾಲ ತಿರಗೂದ ಎಡಕ್ಕ, ಎಡಗಡೆ ಹೂಡಾಕ ಎಡಕ್ಕ ಎಳಿಯೂ ಎತ್ತ ಸಿಕ್ಕಂಗಾತು, ಇನ್ನೂ ಹತ್ತ ರೂಪಾಯಿ ಜಾಸ್ತಿ ಕೊಡು ಅಂದಾ. ಎಲ್ಲಾರೂ ನಕ್ರು."

ಎತ್ತಿನ ವಿಷಯದಲ್ಲಿ ಅದು ಸರಿಯಾದ ಮಾತು. ಒಂದು ಬದಿಗೆ ಎಳೆಯುವ ಎತ್ತನ್ನು ಆ ಬದಿಗೆ ಹೂಡಿದರೆ ಐಬೇ ಗುಣವಾಗುತ್ತದೆ. ಅದು ಎತ್ತಿನ ಸ್ವಭಾವ. ಕಬ್ಬಿಣಕ್ಕೆ ಸ್ವಭಾವ ಇರುವುದಿಲ್ಲ. ಅದು ಒಂದು ಕಡೆ ಎಳೆಯುತ್ತಿದ್ದರೆ ಯಾವುದೋ ಪೆಟ್ಟು ತಿಂದಿರುತ್ತದೆ. ಹಿರಿಯರು ಸುಳ್ಳು ಹೇಳಿರಲಿಲ್ಲ. ದಲಾಲಿ ಮೋಸ ಮಾಡಿರಲಿಲ್ಲ. ಕೇಳಬೇಕಾದ ಆ ಒಂದು ಮಾತನ್ನು ಕೇಳಬೇಕಾದವನು ಆ ಹೊತ್ತು ಕ್ರಮ ಬಿಡದೆ ಹಿಂದಿನ ಪಾಟಾ ಮುಟ್ಟಿ ನೋಡುತ್ತಿದ್ದ.

"ನೀ ವ್ಯಾನ ತಗೊಂಡ ಬಾ. ಇದನ್ನ ನಾ ತರ್ತೀನಿ," ಎಂದೆ.

"ಯಾಕ?"

"ಹೇಳಿದಷ್ಟ ಮಾಡು."

ಗೋಕಾಕದವರೆಗೆ ಹದಿನೈದು ಮೈಲಿನ ವೇಗ ದಾಟಲಿಲ್ಲ. ಐದೂಕಾಲಿಗೆ ಗ್ಯಾರೇಜು. ಜಾಕು ಕೊಟ್ಟು ಮುಂದಿನ ಗಾಲಿ ಎರಡೂ ಕಳಚಿದೆ. ಆ್ಯಕ್ಸಲ್ ತುಂಬ ಹಳೆಯ ಗ್ರೀಸು, ಮಣ್ಣು ಮೆತ್ತಿತ್ತು. ಕೆರೆದು ತೆಗೆದಾಗ ಎಡಪಾಟಾ ಕೂರುವ ಜಾಗದ ಪಕ್ಕ ಕಬ್ಬಿಣದ ಬಣ್ಣ ಬೇರೆಯಾಗಿತ್ತು. ಹಿಂದೆ ಯಾವಾಗಲೋ ಬಾಗಿದ್ದನ್ನು ಯಾರೋ ಕುಲುಮೆಯಲ್ಲಿ ಕಾಸಿ, ಬಡಿದು ನೆಟ್ಟಗೆ ಮಾಡಿದ್ದರು. ಸೀಮೆಎಣ್ಣೆಯಿಂದ ಚೆನ್ನಾಗಿ ತೋಯಿಸಿ, ಒರೆಸಿ ಒಣಗಿಸಿ, ಮೇಲೆ ತೆಳ್ಳಗೆ ಸುಣ್ಣ ಬಳಿದು ಕಾದೆ. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಸುಣ್ಣದ ಮೇಲೆ ತಿರುಗಿ ಮೂಡುತ್ತದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಬಿಳಿಯ ಮೇಲೆ ಕೂದಲಿನಂಥ ಒಂದು ಗೆರೆ ಮೆಲ್ಲಗೆ ಎದ್ದು, ಮೇಲಿನ ಅಂಚಿನಿಂದ ಅರ್ಧಕ್ಕೆ ಇಳಿದು ನಿಂತಿತು.

ತಮ್ಮ ಹಿಂದೆ ಬಂದು ನಿಂತಿದ್ದ. ಹೊರಗೆ ಬೆಳಕು ಕಂದುತ್ತಿತ್ತು.

"ಏನಾತು?"

"ಆ್ಯಕ್ಸಲ್ ಸೀಳೇತಿ."

"ಎಲ್ಲಿ?"

ತೋರಿಸಿದೆ. ಅವನು ಬಗ್ಗಿದ. ಮುಖವನ್ನು ಆ ಕಡೆ ಈ ಕಡೆ ಸರಿಸಿ ನೋಡಿದ. ನಾನು ಬಲ್ಬು ಹಚ್ಚಿ ಹತ್ತಿರ ಹಿಡಿದೆ.

"ನನಗೇನೂ ಕಾಣವಲ್ದು," ಎಂದ. "ನೀ ಸುಳ್ಳ ಹೇಳಾಕತ್ತಿ. ನನಗ ಓಡಸಾಕ ಬಿಡಬಾರ್ದಂತ ಮೊದ್ಲ ಠರಾಸಿ ಇವತ್ತ ಊರೂರ ತಿರುಗ್ಯಾಡ್ಸಿದಿ."

ನಾನು ಸ್ಪ್ಯಾನರು ಎತ್ತಿಕೊಂಡೆ. ಆ್ಯಕ್ಸಲ್ಲಿನ ನಟ್ಟುಗಳನ್ನು ಬಿಚ್ಚತೊಡಗಿದೆ. ಅವನು ದನಿ ಇಳಿಸಿದ.

"ವೆಲ್ಡಿಂಗ್ ಮಾಡು."

"ಒಮ್ಮಿ ಕಾಸಿ ಕೆಡಿಸ್ಯಾರ. ಇನ್ನೊಮ್ಮಿ ಕಾಸಿದ್ರ ಅಲ್ಲೇ ಬಾಜೂಕ ಮುರೀತೈತಿ."

"ಬ್ಯಾರೇದು ತರಸು."

"ಬೆಳಗಾವ್ಯಾಗ ಇಲ್ಲ, ಕೊಲ್ಲಾಪುರದಾಗ ಇಲ್ಲ. ಈ ಗಾಡೀದು ಇಲ್ಲೆಲ್ಲೂ ಬರೂದಿಲ್ಲ."

"ಹಂಗಾರ ಒಂದ ಭಾನುವಾರ. ಆರ ಸುತ್ತು. ಇವತ್ತ ಮೂರ ತಡದೈತಿ, ಇನ್ನಾರ ತಡಿಯಾಂಗಿಲ್ಲೇನು? ಚೀಟಿ ಬರಿ. ನಾ ನಿನ್ನ ಹೆಸರ ಹೇಳಾಂಗಿಲ್ಲ."

ಆ್ಯಕ್ಸಲ್ ಆರು ಸುತ್ತು ತಡೆಯಲೂಬಹುದಿತ್ತು. ಅದೇ ನನ್ನ ಭಯ. ಅವನಿಗೆ ಇಲ್ಲ ಎನ್ನುವುದು ನನಗೆ ಎಂದೂ ಬರಲಿಲ್ಲ. ಇಡಿಯ ಆ್ಯಕ್ಸಲ್ ಶನಿವಾರದವರೆಗೆ ಈ ಗ್ಯಾರೇಜಿನಲ್ಲಿ ಬಿದ್ದಿದ್ದರೆ, ಭಾನುವಾರ ಬೆಳಿಗ್ಗೆ ಗಾಡಿ ನಾಲ್ಕು ಗಾಲಿಯ ಮೇಲೆ ನಿಂತಿರುತ್ತಿತ್ತು, ಚೀಟಿಯಲ್ಲಿ ನನ್ನ ಸಹಿ ಇರುತ್ತಿತ್ತು. ಅದನ್ನು ಆ ಸಂಜೆಯೇ ತಿಳಿದುಕೊಂಡೆ.

ಆ್ಯಕ್ಸಲ್ಲನ್ನು ಎತ್ತಿ ಬೆಂಚಿನ ಮೇಲೆ ಇಟ್ಟೆ. ಹ್ಯಾಕ್ಸಾಕ್ಕೆ ಹೊಸ ಬ್ಲೇಡು ಹಾಕಿದೆ. ಏನು ಮಾಡಲಿದ್ದೇನೆಂದು ಅವನಿಗೆ ತಿಳಿಯಿತು.

"ಹತ್ತರಗಿ ಜೀಪ ಛಲೋ ಇತ್ತಲ್ಲ, ಅಣ್ಣಾ," ಎಂದ. ಸಿಟ್ಟಿರಲಿಲ್ಲ. ಬರೀ ಹೇಳಿದ.

"ಹೌದು," ಎಂದೆ.

"ಮೂರ ದಿನದ ಕೆಲಸ ಇತ್ತೇನದು?"

"ಮೂರ ದಿನ."

ಅವನು ಬೆಂಚಿನ ಹತ್ತಿರ ಬಂದು ತಡವರಿಸಿ ಆ್ಯಕ್ಸಲ್ ಮುಟ್ಟಿದ. ಹೆಬ್ಬೆರಳಿನ ಉಗುರನ್ನು ಸುಣ್ಣದ ಮೇಲೆ ಮೆಲ್ಲಗೆ ಎಳೆಯುತ್ತ ಹೋದ. ಒಂದು ಕಡೆ ಉಗುರು ಟಕ್ಕೆಂದು ಸಿಕ್ಕಿತು. ಹಿಂದಕ್ಕೆ ಎಳೆದ, ಮತ್ತೆ ಅಲ್ಲೇ ಸಿಕ್ಕಿತು. ಮೂರನೆಯ ಸಲ ಅಲ್ಲಿಯೇ ಬೆರಳು ಇಟ್ಟು ನಿಂತ.

ಬಳಿಕ ಬೆರಳು ತೆಗೆದು, ಆ್ಯಕ್ಸಲ್ಲಿನ ಎರಡೂ ತುದಿಯನ್ನು ಬೆಂಚಿಗೆ ಒತ್ತಿ ಹಿಡಿದುಕೊಂಡ.

"ಅಲುಗಾಡ್ತೈತಿ, ಹಿಡದೇನಿ. ಕೊಯ್ಯಿ."

ನಡುವಿನಲ್ಲಿ ಕೊಯ್ದೆ. ಗಟ್ಟಿ ಕಬ್ಬಿಣ. ಎರಡು ಬ್ಲೇಡು ಮುರಿದವು. ಬೆಳಕು ಪೂರಾ ಹೋಗಿತ್ತು. ಅವನು ಎಲ್ಲಿ ನೋಡುತ್ತಿದ್ದನೋ ನನಗೆ ತಿಳಿಯದು, ಹಿಡಿದ ಕೈ ಮಾತ್ರ ಸಡಿಲ ಬಿಡಲಿಲ್ಲ. ಏಳಕ್ಕೆ ಹತ್ತು ನಿಮಿಷ ಇರುವಾಗ ಎರಡು ತುಂಡಾಯಿತು. ಚಾಸಿಯ ಕೆಳಗೆ ಕಲ್ಲು ಕೊಟ್ಟು, ಜಾಕು ಇಳಿಸಿ, ಬೆಂಚಿನ ಮೇಲಿನ ಕಬ್ಬಿಣದ ಪುಡಿ ಗುಡಿಸಿದೆ. ವಹಿ ತೆಗೆದು, ಪಲ್ಟನ್ನಿನಲ್ಲಿ ಕೆಟ್ಟ ಸಾಮಾನನ್ನು ತೆಗೆದುಹಾಕುವಾಗ ಬರೆಯುತ್ತಿದ್ದ ಹಾಗೆ ಬರೆದೆ: ಮುಂದಿನ ಆ್ಯಕ್ಸಲ್, ನಿಕಾಲಿ. ವಹಿ ಮುಚ್ಚಿ, ತಮ್ಮನ ಮೊಣಕೈ ಹಿಡಿದು ಹೊಸ್ತಿಲು ದಾಟಿಸಿ, ಬಾಗಿಲಿಗೆ ಕೀಲಿ ಹಾಕಿದೆ.